ಡ್ರಮ್ ಕವರ್ ವಿಡಿಯೋ: ಕ್ಯಾಮೆರಾ ತಗೊಳ್ಳೋ ಮೊದಲು ಸ್ನೇರ್ ಟ್ಯೂನ್ ಮಾಡಿ

ಪ್ರಶ್ನೆ: ನಾಲ್ಕು ವರ್ಷದಿಂದ ಡ್ರಮ್ಸ್ ನುಡಿಸ್ತಿದ್ದೇನೆ. ಮನೆಯ ಚಿಕ್ಕ ಕೋಣೆಯಲ್ಲಿ ಐದು ಪೀಸಿನ ಅಕೂಸ್ಟಿಕ್ ಕಿಟ್ ಇದೆ. ಫೋನಿನಲ್ಲೇ ಕವರ್ ವಿಡಿಯೋ ಮಾಡ್ತಿದ್ದೆ, ಸದ್ದು ಒಡೆದು ಬರ್ತಿತ್ತು, ಸಿಂಬಲ್ ಬಿಟ್ಟು ಬೇರೇನೂ ಕೇಳಿಸ್ತಿರಲಿಲ್ಲ. ಈಗ ಎರಡು ಕಂಡೆನ್ಸರ್ ಮೈಕ್, ಎರಡು ಇನ್‌ಪುಟ್‌ನ ಇಂಟರ್ಫೇಸ್ (ಮೈಕ್‌ನ ಸದ್ದನ್ನು ಕಂಪ್ಯೂಟರ್‌ಗೆ ತಲುಪಿಸೋ ಪೆಟ್ಟಿಗೆ) ತಗೊಂಡಿದ್ದೇನೆ. ಸಿಂಬಲ್ ಗಲಾಟೆ ಹಾಗೇ ಇದೆ. ಜೊತೆಗೆ ಹೊಸ ತೊಂದರೆ: ಹಾಡಿನ ಶುರುವಿನಲ್ಲಿ ಸರಿಯಿರೋ ವಿಡಿಯೋ ಕೊನೆಗೆ ಬರುವಷ್ಟರಲ್ಲಿ ಕೈ ಒಂದು ಕಡೆ, ಸದ್ದು ಒಂದು ಕಡೆ. ಒಳ್ಳೆ ಕ್ಯಾಮೆರಾ ತಗೊಂಡ್ರೆ ಸರಿಹೋಗುತ್ತಾ?

ಉತ್ತರ: ಕ್ಯಾಮೆರಾ ಈಗಲೇ ಬೇಡ. ನೀವು ಹೇಳಿದ ತೊಂದರೆಗಳಲ್ಲಿ ಯಾವುದಕ್ಕೂ ಹೊಸ ಕ್ಯಾಮೆರಾ ಮದ್ದಲ್ಲ. ಕೊನೆಯದು ಫೋನಿನಿಂದಲೇ ಆಗಿರಬಹುದು, ಆದ್ರೆ ಅದು ಸೆಟ್ಟಿಂಗ್ ಬದಲಿಸಿದ್ರೆ ಹೋಗುತ್ತೆ. ಡ್ರಮ್ ವಿಡಿಯೋದಲ್ಲಿ ಚಿತ್ರ ಸುಮಾರಾಗಿದ್ದರೂ ಜನ ಕೂತು ನೋಡ್ತಾರೆ, ಸದ್ದು ಕಿವಿ ಕೊರೆದರೆ ಮಾತ್ರ ಯಾರೂ ನಿಲ್ಲಲ್ಲ. ಆ ಸದ್ದು ಕೆಡೋದು ಬಹಳಷ್ಟು ಸಲ ಮೈಕ್‌ಗೆ ಬರುವ ಮೊದಲೇ, ನಿಮ್ಮ ಕೈಯಲ್ಲಿ, ಡ್ರಮ್ಮಿನ ಹೆಡ್‌ನಲ್ಲಿ (ಡ್ರಮ್ಮಿಗೆ ಬಿಗಿದ ಪೊರೆ), ಕೋಣೆಯ ಗೋಡೆಯಲ್ಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಮೊದಲು ಫೋನಿನ ವಿಷಯ ಮುಗಿಸಿಬಿಡ್ತೀನಿ. ಫೋನಿನ ಮೈಕ್ ಮಾತು ಹಿಡಿಯೋಕೆ ಮಾಡಿದ್ದು. ಡ್ರಮ್ ಕಿಟ್ ಪಕ್ಕದಲ್ಲಿ ಸದ್ದು ಸುಲಭವಾಗಿ 100 ಡೆಸಿಬಲ್ ದಾಟುತ್ತೆ. ಅಷ್ಟು ಜೋರು ಬಂದ ಕೂಡಲೇ ಫೋನ್ ತಾನಾಗೇ ಮಟ್ಟ ಇಳಿಸುತ್ತೆ, ಏಟು ಮುಗಿದ ಕೂಡಲೇ ಮತ್ತೆ ಏರಿಸುತ್ತೆ. ಏಟು ಮುಗಿದ ಮೇಲೆ ಕೋಣೆಯಲ್ಲಿ ಉಳಿದಿರೋದು ಏನು? ಸಿಂಬಲ್‌ನ ಝೇಂಕಾರ. ಅದನ್ನೇ ಫೋನ್ ಎತ್ತಿ ಎತ್ತಿ ಕೊಡುತ್ತೆ, ಸ್ನೇರ್ (ಕೆಳಗೆ ತಂತಿ ಇರೋ ಚಿಕ್ಕ ಡ್ರಮ್) ಮತ್ತು ಕಿಕ್ (ಕಾಲಿನ ಪೆಡಲ್‌ನಿಂದ ಹೊಡೆಯೋ ದೊಡ್ಡ ಡ್ರಮ್) ಕೆಳಗೆ ಹೂತು ಹೋಗುತ್ತವೆ. ಇಂಟರ್ಫೇಸ್ ತಗೊಂಡ ಮೇಲೆ ಈ ಕಾಟ ಹೋಯ್ತು. ಇನ್ನು ಫೋನಿನ ಆಡಿಯೋ ಬೇಕಾಗೋದು ವಿಡಿಯೋ ಹೊಂದಿಸೋಕೆ ಮಾತ್ರ.

ಆದ್ರೂ ಸಿಂಬಲ್ ಜೋರಾಗಿದೆ ಅಂದ್ರೆ ಕೈ ನೋಡ್ಕೋಬೇಕು. ಬೇಸರ ಮಾಡ್ಕೋಬೇಡಿ, ಮನೆಯಲ್ಲಿ ಕಲಿತ ಹೆಚ್ಚಿನ ಡ್ರಮ್ಮರ್‌ಗಳ ಕಥೆ ಇದೇ, ನನ್ನದೂ ಇದೇ ಆಗಿತ್ತು. ಸ್ಟೂಲಿನ ಮೇಲೆ ಕೂತಾಗ ಸ್ನೇರ್ ನಮ್ಮ ಹೊಟ್ಟೆಯ ಮುಂದೇ ಇರುತ್ತೆ, ಜೋರಾಗಿ ಕೇಳುತ್ತೆ. ಮೇಲಿನ ಮೈಕ್ ಸಿಂಬಲ್‌ಗಳ ನೆತ್ತಿಯ ಮೇಲೆ ನೇತಾಡ್ತಿರುತ್ತೆ, ಅದಕ್ಕೆ ಕೇಳೋದೇ ಬೇರೆ. ನಾನು ಮೊದಲ ಸಲ ನನ್ನ ರೆಕಾರ್ಡಿಂಗ್ ಕೇಳಿದಾಗ ಹೈಹ್ಯಾಟ್ (ಒಂದರ ಮೇಲೊಂದು ಕೂತ ಜೋಡಿ ಸಿಂಬಲ್) ಇಡೀ ಹಾಡನ್ನೇ ನುಂಗಿತ್ತು. ಹೈಹ್ಯಾಟ್‌ನ ಅಂಚಿಗೆ ಸ್ಟಿಕ್‌ನ ದಪ್ಪ ಭಾಗದಿಂದ ಬಾರಿಸೋ ಅಭ್ಯಾಸ ಇತ್ತು. ತುದಿಯಿಂದ, ಮೇಲ್ಭಾಗದ ಮೇಲೆ, ಅರ್ಧ ಬಲದಲ್ಲಿ ಬಾರಿಸೋದನ್ನ ರೂಢಿ ಮಾಡ್ಕೊಳ್ಳೋಕೆ ತಿಂಗಳುಗಳೇ ಬೇಕಾದವು. ಕ್ರ್ಯಾಶ್ ಸಿಂಬಲ್‌ಗೂ ಅಷ್ಟೇ, ಹೊಡೆದು ತಳ್ಳಬೇಡಿ, ಸವರಿಕೊಂಡು ಹೋಗಿ. ಸ್ನೇರ್‌ಗೆ ಮಾತ್ರ ಪ್ರತಿ ಸಲ ನಡುಮಧ್ಯಕ್ಕೆ, ಒಂದೇ ಬಲ. ಒಂದು ಪರೀಕ್ಷೆ ಮಾಡಿ ನೋಡಿ. ಫೋನನ್ನು ಕೋಣೆಯ ಬಾಗಿಲ ಹೊರಗಿಟ್ಟು ಒಂದು ನಿಮಿಷ ಸಾದಾ ಬೀಟ್ ನುಡಿಸಿ, ಆಮೇಲೆ ಕೇಳಿ. ಅಲ್ಲೂ ಹೈಹ್ಯಾಟೇ ಮುಂದೆ ಬಂದ್ರೆ ಅದನ್ನ ಯಾವ ಮೈಕೂ ಸರಿಮಾಡಲ್ಲ.

ಇನ್ನು ಟ್ಯೂನಿಂಗ್. ಹೆಡ್ ಹಾಕಿ ಎಷ್ಟು ದಿನ ಆಯ್ತು? ಸ್ನೇರ್‌ನ ಮಧ್ಯ ಬಿಳಿ ಪದರ ಕಿತ್ತು ಹೋಗಿದ್ದರೆ, ಬೆರಳಿಟ್ಟಾಗ ಗುಳಿ ಬಿದ್ದಿದ್ದರೆ, ಕ್ಯಾಮೆರಾಗೆ ಅಂತ ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಹೊಸ ಹೆಡ್ ತನ್ನಿ. ಹಾಕುವಾಗ ಎಲ್ಲ ಸ್ಕ್ರೂಗಳನ್ನೂ ಕೈಯಲ್ಲೇ ಬಿಗಿಯಾಗುವಷ್ಟು ತಿರುಗಿಸಿ, ಆಮೇಲೆ ಕೀ ಹಾಕಿ ಒಂದಕ್ಕೆ ಅರ್ಧ ಸುತ್ತು, ಅದರ ಎದುರಿನದಕ್ಕೆ ಅರ್ಧ ಸುತ್ತು, ಹೀಗೆ ಎದುರುಬದುರಾಗಿಯೇ ಹೋಗಿ. ನಂತರ ಪ್ರತಿ ಸ್ಕ್ರೂ ಪಕ್ಕ, ಅಂಚಿನಿಂದ ಎರಡು ಮೂರು ಸೆಂಟಿಮೀಟರ್ ಒಳಗೆ, ಸ್ಟಿಕ್ ತುದಿಯಿಂದ ಮೆಲ್ಲಗೆ ತಟ್ಟಿ ಕೇಳಿ. ಒಂದು ಕಡೆ 'ಟಿಂಗ್' ಅಂದು ಇನ್ನೊಂದು ಕಡೆ 'ಟಂಗ್' ಅಂದರೆ ಆ ಎರಡರ ನಡುವೆ ಹೊಯ್ದಾಟ ಹುಟ್ಟುತ್ತೆ, ಅದೇ ರೆಕಾರ್ಡಿಂಗ್‌ನಲ್ಲಿ ಒಡಕು ಸದ್ದಾಗಿ ಕೇಳೋದು. ತಗ್ಗಿದ ಕಡೆ ಕಾಲು ಸುತ್ತು ಏರಿಸಿ, ಮತ್ತೆ ತಟ್ಟಿ. ಎಲ್ಲ ಕಡೆ ಒಂದೇ ಸ್ವರ ಬರೋವರೆಗೂ ಬಿಡಬೇಡಿ. ಇಪ್ಪತ್ತು ನಿಮಿಷ ಹಿಡಿಯಬಹುದು, ಹಿಡಿಯಲಿ. ಸ್ನೇರ್‌ನ ಕೆಳಗಿನ ಹೆಡ್ ಮೇಲಿನದಕ್ಕಿಂತ ಬಿಗಿಯಾಗಿರಲಿ.

ಟಾಮ್ (ಕಿಟ್‌ನ ಉಳಿದ ಡ್ರಮ್) ಹೊಡೆದಾಗ ಸ್ನೇರ್‌ನ ತಂತಿ ಝರ್ ಅನ್ನುತ್ತಾ? ಸ್ವಲ್ಪ ಅನ್ನಲಿ ಬಿಡಿ, ಅದು ಕಿಟ್‌ನ ಸಹಜ ಸದ್ದು. ಜಾಸ್ತಿಯಾದ್ರೆ ಆ ಟಾಮ್‌ನ ಸ್ವರವನ್ನು ಸ್ವಲ್ಪ ಮೇಲಕ್ಕೋ ಕೆಳಕ್ಕೋ ಸರಿಸಿ, ಕಡಿಮೆಯಾಗುತ್ತೆ. ಕಿಕ್ ಒಳಗೆ ಒಂದು ದಿಂಬು, ಎರಡೂ ಹೆಡ್‌ಗೆ ತಾಗಿಯೂ ತಾಗದ ಹಾಗೆ. ಸ್ನೇರ್ ಅಂಚಿನಲ್ಲಿ ಬೇಕಿದ್ದರೆ ಜೆಲ್‌ನ ಚಿಕ್ಕ ತುಂಡು, ಇಲ್ಲವೇ ಮಡಚಿದ ಬಟ್ಟೆಗೆ ಟೇಪ್. ಅಷ್ಟಕ್ಕೇ ನಿಲ್ಲಿಸಿ. ಕೂತ ಜಾಗದಲ್ಲಿ ಕಿರಿಕಿರಿ ಮಾಡೋ ರಿಂಗ್ ಗಿಟಾರ್, ಬಾಸ್ ಸೇರಿದ ಮೇಲೆ ಮಾಯ ಆಗುತ್ತೆ. ಅದಕ್ಕೆ ಹೆದರಿ ಎಲ್ಲದಕ್ಕೂ ಟೇಪ್ ಬಳಿದರೆ ಉಳಿಯೋದು ರಟ್ಟಿನ ಡಬ್ಬಿಯ ಸದ್ದು.

ಕೋಣೆ. ಖಾಲಿ ಜಾಗದಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಕೊನೆಯಲ್ಲಿ ಟ್ರ್‌ರ್ ಅಂತ ಲೋಹದ ಬಾಲ ಬಂದ್ರೆ ಎರಡು ಬರಿ ಗೋಡೆಗಳು ಸದ್ದನ್ನು ಚೆಂಡಾಡ್ತಿವೆ ಅಂತ ಅರ್ಥ. ಚಿಕ್ಕ ಕೋಣೆಯಲ್ಲಿ ಅದಕ್ಕಿಂತ ದೊಡ್ಡ ಶತ್ರು ಚಾವಣಿ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತೆ. ಮೈಕ್ ಚಾವಣಿಯಿಂದ 60 ಸೆಂಟಿಮೀಟರ್ ಕೆಳಗಿದ್ದರೆ ಮೇಲೆ ಹೋಗಿ ತಿರುಗಿ ಬರೋ ಸದ್ದು ಮೂರೂವರೆ ಮಿಲಿಸೆಕೆಂಡ್ ತಡವಾಗಿ ಅದೇ ಮೈಕ್‌ಗೆ ಸೇರುತ್ತೆ. ಅಷ್ಟು ಕಡಿಮೆ ಅಂತರದಲ್ಲಿ ನಮ್ಮ ಕಿವಿಗೆ ಪ್ರತಿಧ್ವನಿ ಅಂತ ಗೊತ್ತಾಗಲ್ಲ, ಸಿಂಬಲ್ ಕೊಳವೆಯೊಳಗಿಂದ ಬಂದ ಹಾಗೆ ಕೇಳುತ್ತೆ. ಮೈಕ್‌ಗಳ ಮೇಲ್ಗಡೆ ಚಾವಣಿಗೆ ದಪ್ಪ ರಜಾಯಿ ಕಟ್ಟಿ. ಕಿಟ್ ಕೆಳಗೆ ದಪ್ಪ ಕಾರ್ಪೆಟ್ ಹಾಸಿ. ಹಿಂದಿನ ಗೋಡೆಗೆ ಒಂದು ಹಾಸಿಗೆ ಒರಗಿಸಿ, ಪುಸ್ತಕದ ಕಪಾಟಿದ್ರೂ ಆದೀತು. ಬೆರಳಷ್ಟು ದಪ್ಪದ ಫೋಮ್ ತುಂಡು ಗೋಡೆಗೆಲ್ಲ ಅಂಟಿಸಬೇಡಿ, ಅದು ಮೇಲಿನ ಸದ್ದು ಮಾತ್ರ ಹೀರುತ್ತೆ, ಕಿಕ್‌ನ ಗುಮ್ಮು ಹಾಗೇ ಉಳಿಯುತ್ತೆ. ಇದ್ಯಾವುದೂ ಹೊರಗೆ ಹೋಗೋ ಸದ್ದನ್ನು ತಡೆಯಲ್ಲ ಅನ್ನೋದೂ ನೆನಪಿರಲಿ, ಪಕ್ಕದ ಮನೆಯವರ ಹತ್ತಿರ ಸಮಯ ಕೇಳಿಕೊಂಡೇ ಟೇಕ್ ಮಾಡಿ.

ಈಗ ಎರಡು ಮೈಕ್ ಎಲ್ಲಿಡಬೇಕು ಅಂತ. ಇದಕ್ಕೆ ರೆಕಾರ್ಡರ್‌ಮ್ಯಾನ್ ಅನ್ನೋ ಒಂದು ಹಳೆಯ ವಿಧಾನ ಇದೆ, ಬೇಕಾಗೋದು ಎರಡು ಸ್ಟಿಕ್ ಮತ್ತು ಒಂದು ದಾರ. ಮೊದಲ ಮೈಕ್ ಸ್ನೇರ್‌ನ ನೆತ್ತಿಯ ಮೇಲೆ, ಎರಡು ಸ್ಟಿಕ್ ಉದ್ದದಷ್ಟು ಎತ್ತರದಲ್ಲಿ, ಕೆಳಗೆ ಮುಖ. ಎರಡನೆಯದು ನಿಮ್ಮ ಬಲಭುಜದ ಹಿಂದಿನಿಂದ ಸ್ನೇರ್ ಕಡೆ ನೋಡ್ತಾ, ಅದೂ ಸ್ನೇರ್‌ನಿಂದ ಎರಡು ಸ್ಟಿಕ್ ದೂರ. ಎಡಗೈಯವರಾದ್ರೆ ಎಡಭುಜ. ಈಗ ದಾರದ ಒಂದು ತುದಿ ಸ್ನೇರ್ ಮಧ್ಯಕ್ಕೆ ಟೇಪ್ ಹಾಕಿ, ಇನ್ನೊಂದು ತುದಿ ಕಿಕ್ ಪೆಡಲ್‌ನ ಬೀಟರ್ ತಾಗೋ ಜಾಗಕ್ಕೆ. ದಾರದ ನಡುವೆ ಒಂದು ಕಡೆ ಹಿಡಿದು ಮೊದಲ ಮೈಕ್‌ವರೆಗೆ ಎಳೆದರೆ ತ್ರಿಕೋನ ಆಗುತ್ತೆ ಅಲ್ವಾ, ಬೆರಳು ಅಲ್ಲೇ ಬಿಗಿಯಾಗಿ ಇಟ್ಟುಕೊಂಡು ಅದೇ ತ್ರಿಕೋನವನ್ನ ಎರಡನೆಯ ಮೈಕ್ ಕಡೆಗೆ ತಿರುಗಿಸಿ. ಬೆರಳು ಎಲ್ಲಿಗೆ ಬರುತ್ತೋ ಅಲ್ಲಿ ಮೈಕ್ ಇರಬೇಕು. ಹೀಗೆ ಮಾಡಿದ್ರೆ ಸ್ನೇರ್ ಮತ್ತು ಕಿಕ್ ಎರಡೂ ಎರಡು ಮೈಕ್‌ಗೂ ಒಟ್ಟಿಗೇ ತಲುಪುತ್ತವೆ, ಒಂದನ್ನೊಂದು ತಿನ್ನಲ್ಲ. ಒಂದು ಎಡಕ್ಕೆ, ಒಂದು ಬಲಕ್ಕೆ ಹಾಕಿ ಕೇಳಿ, ಆಮೇಲೆ ಎರಡನ್ನೂ ಒಂದಾಗಿ ಬೆರೆಸೋ ಮೋನೋ ಬಟನ್ ಒತ್ತಿ. ಸ್ನೇರ್‌ನ ಮೈ ಸೊರಗಿದ್ರೆ ದೂರ ಹೆಚ್ಚುಕಡಿಮೆ ಆಗಿದೆ, ಮತ್ತೆ ಅಳೆಯಿರಿ.

ಮುಂದೆ ನಾಲ್ಕು ಇನ್‌ಪುಟ್ ಆದಾಗ ಇವಕ್ಕೆ ಒಂದು ಕಿಕ್ ಮೈಕ್, ಒಂದು ಸ್ನೇರ್ ಮೈಕ್ ಸೇರಿಸಿ ಸಾಕು. ಗ್ಲಿನ್ ಜಾನ್ಸ್ ಅನ್ನೋ ಬ್ರಿಟಿಷ್ ಎಂಜಿನಿಯರ್ ಹೆಸರಲ್ಲಿ ಇವತ್ತಿಗೂ ಹೇಳಿಕೊಡೋ ವಿಧಾನ ಇದಕ್ಕೆ ತೀರಾ ಹತ್ತಿರದ್ದು, ಅದರಲ್ಲೂ ಮೂರು ನಾಲ್ಕೇ ಮೈಕ್. ಪ್ರತಿ ಟಾಮ್‌ಗೂ ಒಂದೊಂದು ಮೈಕ್ ಇಟ್ಟರೆ ಚಿಕ್ಕ ಕೋಣೆಯಲ್ಲಿ ಎಲ್ಲ ಮೈಕಿಗೂ ಸಿಂಬಲ್ಲೇ ತುಂಬಿಕೊಳ್ಳುತ್ತೆ, ನನಗೆ ಅದು ಯಾವತ್ತೂ ಹಿಡಿಸಿಲ್ಲ.

ಗೇನ್ (ಇಂಟರ್ಫೇಸ್‌ನಲ್ಲಿ ಮೈಕ್‌ನ ಮಟ್ಟ) ಇಡುವಾಗ ಸುಮ್ನೆ ತಟ್ಟಿ ನೋಡಬೇಡಿ. ಹಾಡಿನ ಅತಿ ಜೋರಿನ ಭಾಗವನ್ನೇ ನುಡಿಸಿ, ಮೀಟರ್‌ನಲ್ಲಿ ಮೈನಸ್ 10 ಡಿಬಿ ಆಸುಪಾಸಿಗೆ ಬರೋ ಹಾಗೆ ಇಡಿ. ಕ್ಯಾಮೆರಾ ಮುಂದೆ ಎಲ್ಲರೂ ಜೋರಾಗೇ ಹೊಡೀತಾರೆ, ಆ ಜಾಗ ಬೇಕಾಗುತ್ತೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದ್ರೆ ಮಟ್ಟ ಕಡಿಮೆ ಆಯ್ತು ಅನ್ನೋ ಚಿಂತೆ ಇಲ್ಲ. ಗೇನ್ ಪೂರ್ತಿ ಇಳಿಸಿದ್ರೂ ಕೆಂಪು ದೀಪ ಹತ್ತಿದ್ರೆ ಮೈಕ್‌ನಲ್ಲೋ ಇಂಟರ್ಫೇಸ್‌ನಲ್ಲೋ ಮಟ್ಟ ಇಳಿಸೋ ಪ್ಯಾಡ್ ಬಟನ್ ಇದೆಯಾ ನೋಡಿ, ಇದ್ರೆ ಒತ್ತಿ. ಕಂಡೆನ್ಸರ್ ಮೈಕ್‌ಗೆ ಇಂಟರ್ಫೇಸ್‌ನಿಂದ ವಿದ್ಯುತ್ ಕೊಡೋ 48 ವೋಲ್ಟ್ ಬಟನ್ ಆನ್ ಇರಲಿ.

ಹೆಡ್‌ಫೋನ್ ತಂತಿಯದ್ದೇ ಆಗಬೇಕು. ಬ್ಲೂಟೂತ್‌ನಲ್ಲಿ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡ ಇರುತ್ತೆ, ನೀವು ಎಷ್ಟೇ ಲಯದಲ್ಲಿದ್ದರೂ ರೆಕಾರ್ಡಿಂಗ್‌ನಲ್ಲಿ ಹಿಂದೆ ಬೀಳ್ತೀರಿ. ಮತ್ತೆ ಇದನ್ನ ಗಟ್ಟಿಯಾಗಿ ಹೇಳಬೇಕು: ಡ್ರಮ್ಸ್ ಮೀರಿ ಹಾಡು ಕೇಳಿಸಲಿ ಅಂತ ವಾಲ್ಯೂಮ್ ಏರಿಸಬೇಡಿ. ಕೆಲಸದ ಜಾಗಕ್ಕೆ ಹಾಕಿರೋ ಒಂದು ಮಿತಿಯ ಪ್ರಕಾರ 85 ಡೆಸಿಬಲ್‌ನಲ್ಲಿ 8 ಗಂಟೆ ಇರಬಹುದು, ಪ್ರತಿ 3 ಡೆಸಿಬಲ್ ಏರಿದಾಗ ಸಮಯ ಅರ್ಧಕ್ಕೆ ಇಳಿಯುತ್ತೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಸಿಗೋದು 15 ನಿಮಿಷ ಮಾತ್ರ. ಹೊರಗಿನ ಸದ್ದು ತಡೆಯೋ ಹೆಡ್‌ಫೋನ್ ಹಾಕಿ, ಅದರೊಳಗೆ ಹಾಡನ್ನ ಸಣ್ಣಗೆ ಇಡಿ. ಹೋದ ಕಿವಿ ವಾಪಸ್ ಬರಲ್ಲ.

ಹಾಡನ್ನು ಫೋನಿನಲ್ಲಿ ಹಾಕಿಕೊಂಡು ನುಡಿಸಬೇಡಿ. ನೀವು ರೆಕಾರ್ಡ್ ಮಾಡೋ ಪ್ರಾಜೆಕ್ಟ್‌ನಲ್ಲೇ ತಂದು ಹಾಕಿ, ಮುಂದೆ ಎರಡು ಬಾರ್ (ತಾಳದ ಎರಡು ಆವರ್ತ) ಕ್ಲಿಕ್, ಅಂದ್ರೆ ಲಯ ತೋರಿಸೋ ಟಿಕ್ ಟಿಕ್ ಸದ್ದು ಇಡಿ, ಆಗ ಹಾಡೂ ಡ್ರಮ್ಸೂ ಒಂದೇ ಗೆರೆಯ ಮೇಲೆ ಕೂರುತ್ತವೆ. ಹಳೆಯ ಹಾಡುಗಳಲ್ಲಿ ಬಹಳಷ್ಟು ಕ್ಲಿಕ್ ಇಲ್ಲದೆ ನುಡಿಸಿದ್ದು, ವೇಗ ಅಲ್ಲಲ್ಲಿ ಏರುತ್ತೆ ಇಳಿಯುತ್ತೆ, ಅಂಥವಕ್ಕೆ ಇಡೀ ಹಾಡಿಗೆ ಒಂದೇ ಟೆಂಪೋ ಕ್ಲಿಕ್ ಹಾಕಿದ್ರೆ ಎರಡನೇ ಚರಣದಲ್ಲೇ ಜಗಳ ಶುರು. ಮೂಲ ಡ್ರಮ್ಸ್ ತೆಗೆಯೋಕೆ ಸ್ಪ್ಲೀಟರ್, ಡೆಮ್ಯೂಕ್ಸ್ ಥರದ ಉಚಿತ ಸಾಧನಗಳಿವೆ. ತೆಗೆಯದೇ ಹಾಗೇ ಮೇಲೆ ನುಡಿಸಿದ್ರೆ ಎರಡು ಸ್ನೇರ್ ಒಂದರ ಪಕ್ಕ ಒಂದು ಬಿದ್ದು ಪ್ರತಿ ಏಟೂ 'ತಡಕ್' ಅನ್ನುತ್ತೆ.

ಇನ್ನು ನಿಮ್ಮ ಮುಖ್ಯ ತೊಂದರೆ, ಕೊನೆಗೆ ಕೈ ಮತ್ತು ಸದ್ದು ಬೇರೆಯಾಗೋದು. ಇದಕ್ಕೆ ಒಂದು ಸರಳ ತಪಾಸಣೆ ಇದೆ. ರೆಕಾರ್ಡಿಂಗ್ ಮತ್ತು ಕ್ಯಾಮೆರಾ ಎರಡೂ ಶುರುವಾದ ಮೇಲೆ, ಕ್ಯಾಮೆರಾಗೆ ಕಾಣೋ ಹಾಗೆ ಸ್ಟಿಕ್‌ಗಳನ್ನ ಎದೆಯ ಮುಂದೆ ಹಿಡಿದು ಒಂದಕ್ಕೊಂದು ಟಕ್ ಅಂತ ಹೊಡೆಯಿರಿ. ಹಾಡು ಮುಗಿದು ಸಿಂಬಲ್ ಆರಿದ ಮೇಲೆ, ಯಾವುದನ್ನೂ ನಿಲ್ಲಿಸದೆ, ಇನ್ನೊಂದು ಸಲ ಹೊಡೆಯಿರಿ. ಎಡಿಟಿಂಗ್‌ನಲ್ಲಿ ಮೊದಲ ಟಕ್ ಹತ್ತಿರ ಪೂರ್ತಿ ಝೂಮ್ ಮಾಡಿ. ಒಂದು ಫ್ರೇಮ್‌ನಲ್ಲಿ ಸ್ಟಿಕ್‌ಗಳ ನಡುವೆ ಬೆರಳಷ್ಟು ಜಾಗ ಕಾಣುತ್ತೆ, ಮುಂದಿನ ಫ್ರೇಮ್‌ನಲ್ಲಿ ತಾಗಿರುತ್ತವೆ ಇಲ್ಲವೇ ಆಗಲೇ ತಾಗಿ ಹಿಂದಕ್ಕೆ ನೆಗೆದಿರುತ್ತವೆ. ಆಡಿಯೋದಲ್ಲಿ ಸೂಜಿಯ ಹಾಗೆ ಎದ್ದ ಗೆರೆಯನ್ನ ಆ ಎರಡನೇ ಫ್ರೇಮ್‌ಗೆ ಕೂರಿಸಿ. ಅರ್ಧ ಫ್ರೇಮ್ ಆಚೀಚೆ ಆದ್ರೂ ಸದ್ದು ಹಿಂದೆ ಇರಲಿ, ಮುಂದೆ ಬೇಡ. ದೂರದಿಂದ ಬರೋ ಸದ್ದು ಯಾವಾಗಲೂ ನೋಟಕ್ಕಿಂತ ತಡವಾಗೇ ಬರೋದು, ಕಣ್ಣಿಗೆ ಅದು ರೂಢಿ.

ಈಗ ಕೊನೆಯ ಟಕ್ ನೋಡಿ. ಅಲ್ಲೂ ಸರಿಯಾಗಿ ಕೂತಿದ್ರೆ ತೊಂದರೆ ಇಲ್ಲ. ಕೂತಿಲ್ಲ ಅಂದ್ರೆ ಎಷ್ಟು ಅಂತರ ಅಂತ ಅಳೆಯಿರಿ, ಕಾರಣ ಆ ಅಳತೆಯಲ್ಲೇ ಇದೆ. ಎರಡು ಯಂತ್ರಗಳ ಗಡಿಯಾರ ಸ್ವಲ್ಪ ಬೇರೆ ಓಡುತ್ತೆ ಅನ್ನೋದು ನಿಜ, ಆದ್ರೆ ನಾಲ್ಕು ನಿಮಿಷದ ಹಾಡಿನಲ್ಲಿ ಅದರಿಂದ ಆಗೋ ವ್ಯತ್ಯಾಸ ಸಾಮಾನ್ಯವಾಗಿ ಒಂದು ಫ್ರೇಮ್‌ಗಿಂತ ಕಡಿಮೆ. ಕಣ್ಣಿಗೆ ಹೊಡೆಯೋ ಹಾಗೆ ಬೇರೆಯಾಗಿದ್ರೆ ಮೊದಲ ಅನುಮಾನ ಫೋನಿನ ಏರುಪೇರಾಗೋ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್) ಮೇಲೆ. ನೀವು 30 ಅಂತ ಇಟ್ಟರೂ, ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ, ಅದು ಕೆಲವು ಕಡೆ ಫ್ರೇಮ್ ಕಡಿಮೆ ಮಾಡ್ಕೊಳ್ಳುತ್ತೆ. ಎಡಿಟಿಂಗ್ ಸಾಫ್ಟ್‌ವೇರ್ ಎಲ್ಲ ಫ್ರೇಮೂ ಸಮ ಅಂತರದಲ್ಲಿದೆ ಅಂತ ಅಂದುಕೊಂಡು ಜೋಡಿಸಿದ್ರೆ ಚಿತ್ರ ಸ್ವಲ್ಪ ಸ್ವಲ್ಪವೇ ಜಾರುತ್ತೆ. ಫ್ರೇಮ್ ರೇಟ್ ಸ್ಥಿರವಾಗಿಡೋ ಕ್ಯಾಮೆರಾ ಆಪ್ ಬಳಸಿ. ಈಗಾಗಲೇ ತೆಗೆದ ವಿಡಿಯೋ ಇದ್ರೆ ಹ್ಯಾಂಡ್‌ಬ್ರೇಕ್ ಅನ್ನೋ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್ ರೇಟ್ ಆಯ್ಕೆ ಮಾಡಿ ಬದಲಿಸಿಕೊಂಡು ಆಮೇಲೆ ಎಡಿಟ್‌ಗೆ ತನ್ನಿ.

ನಾಲ್ಕು ನಿಮಿಷಕ್ಕೆ ಸರಿಸುಮಾರು ಕಾಲು ಸೆಕೆಂಡ್ ಚಿತ್ರ ಮುಂದೆ ಹೋಗಿದ್ರೆ ಅದು ಬೇರೆ ಕಥೆ: 29.97 ಫ್ರೇಮ್‌ನ ಕ್ಲಿಪ್ಪನ್ನು ಯಾರೋ 30 ಅಂತ ಓದಿಸಿದ್ದಾರೆ. ಕ್ಲಿಪ್‌ನ ಸೆಟ್ಟಿಂಗ್‌ನಲ್ಲಿ ಅದನ್ನ ಬದಲಿಸಿದ್ರೆ ಮುಗೀತು. ಇನ್ನೊಂದು, ನಿಮ್ಮ ಆಡಿಯೋ ಪ್ರಾಜೆಕ್ಟನ್ನ 48 ಕಿಲೋಹರ್ಟ್ಸ್‌ನಲ್ಲಿ ಇಡಿ, ವಿಡಿಯೋಗೆ ಅದೇ ರೂಢಿ. 44.1ರಲ್ಲಿ ಮಾಡಿದ್ದನ್ನ 48 ಅಂತ ಓದಿಸಿದ್ರೆ ವೇಗವೂ ಸ್ವರವೂ ಏರಿಬಿಡುತ್ತೆ, ಅದು ಮೊದಲ ಬಾರ್‌ನಲ್ಲೇ ಗೊತ್ತಾಗುತ್ತೆ, ನಿಮ್ಮದು ಅದಲ್ಲ ಅನ್ಸುತ್ತೆ.

ಚಿತ್ರದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಫೋನ್‌ನ ಫೋಕಸ್ ಮತ್ತು ಬೆಳಕಿನ ಮಟ್ಟ ಲಾಕ್ ಮಾಡಿ, ಇಲ್ಲಾಂದ್ರೆ ಕ್ರ್ಯಾಶ್ ಅಲುಗಿದಾಗಲೆಲ್ಲ ಚಿತ್ರ ಮಿಣಕ್ ಅನ್ನುತ್ತೆ. ಏರೋಪ್ಲೇನ್ ಮೋಡ್ ಹಾಕಿ. ವಿದ್ಯುತ್ 50 ಹರ್ಟ್ಸ್ ಇರೋ ಕಡೆ ಶಟರ್ 1/50 ಅಥವಾ 1/100, 60 ಹರ್ಟ್ಸ್ ಇರೋ ಕಡೆ 1/60 ಅಥವಾ 1/120 ಇಟ್ಟರೆ ದೀಪದ ಮಿನುಗು ಹಿಡಿಯಲ್ಲ, ಸ್ಟಿಕ್‌ಗಳ ಓಟವೂ ಸಹಜವಾಗಿ ಮಸುಕಾಗಿ ಕಾಣುತ್ತೆ. ಫೋನನ್ನ ಸಿಂಬಲ್ ಸ್ಟ್ಯಾಂಡ್‌ಗೆ ಸಿಕ್ಕಿಸಬೇಡಿ. ನಾನು ಹಾಗೆ ಮಾಡಿ ಒಂದು ಒಳ್ಳೆ ಟೇಕ್ ಕಳ್ಕೊಂಡಿದ್ದೀನಿ, ಪ್ರತಿ ಏಟಿಗೂ ಚಿತ್ರ ನಡುಗಿತ್ತು. ಟ್ರೈಪಾಡ್ ಕಾರ್ಪೆಟ್‌ನ ಹೊರಗೆ ನಿಲ್ಲಿಸಿ, ಕಾಲಿಗೆ ಏನಾದ್ರೂ ಭಾರ ಕಟ್ಟಿ. ಒಂದೇ ಫೋನ್ ಇದ್ರೆ ಹೈಹ್ಯಾಟ್ ಕಡೆಯಿಂದ, ಕಣ್ಣಿನ ಎತ್ತರಕ್ಕಿಂತ ಸ್ವಲ್ಪ ಮೇಲಿಂದ ಇಡಿ, ಎರಡು ಕೈ, ಸ್ನೇರ್, ಮುಖ ಮೂರೂ ಸಿಗುತ್ತೆ. ಎರಡನೆಯದು ಸಿಕ್ಕರೆ ಕಾಲಿನ ಹತ್ತಿರ ಇಡಿ, ನೋಡೋ ಡ್ರಮ್ಮರ್‌ಗಳಿಗೆ ಪೆಡಲ್ ಕಾಣಬೇಕು. ಕಿಟಕಿ ಬೆಳಕು ಚೆಂದ, ಆದ್ರೆ ಮೋಡ ಬಂದು ಹೋದ್ರೆ ಎರಡು ಟೇಕ್ ಸೇರಿಸೋಕೆ ಆಗಲ್ಲ. ಒಂದು ದೊಡ್ಡ ದೀಪವನ್ನ ಪಕ್ಕದಿಂದ, ಬಿಳಿ ಬಟ್ಟೆಯ ಹಿಂದಿನಿಂದ ಬಿಡಿ. ಬಟ್ಟೆ ದೀಪಕ್ಕೆ ತಾಗದ ಹಾಗೆ ನೋಡ್ಕೊಳ್ಳಿ.

ಮಿಕ್ಸ್ ಮಾಡುವಾಗ ಎರಡೇ ಮೈಕ್ ಇರೋದ್ರಿಂದ ಅವುಗಳ ಕೆಳಗಿನ ಸದ್ದನ್ನ ಕತ್ತರಿಸಬೇಡಿ, ಕಿಕ್‌ನ ಮೈ ಇರೋದೇ ಅಲ್ಲಿ. 300ರಿಂದ 500 ಹರ್ಟ್ಸ್ ನಡುವೆ ಸ್ವಲ್ಪ ಇಳಿಸಿದ್ರೆ ಕೋಣೆಯ ಡಬ್ಬಿ ಸದ್ದು ಕಡಿಮೆಯಾಗುತ್ತೆ. ಕಂಪ್ರೆಸರ್ (ಜೋರಿನ ಸದ್ದನ್ನ ತಗ್ಗಿಸೋ ಸಾಧನ) ಹಾಕೋದಾದ್ರೆ ಅಟ್ಯಾಕ್, ಅಂದ್ರೆ ಅದು ಕೆಲಸಕ್ಕಿಳಿಯೋ ಸಮಯ, 20, 30 ಮಿಲಿಸೆಕೆಂಡ್ ಇಡಿ, ಏಟಿನ ಮೊನೆ ಹಾದುಹೋಗಲಿ. ಕೊನೆಯಲ್ಲಿ ಮಟ್ಟ ಏರಿಸಿ ಏರಿಸಿ ಗೋಡೆಗೆ ಒತ್ತಬೇಡಿ: ಯೂಟ್ಯೂಬ್ ಸುಮಾರು ಮೈನಸ್ 14 ಲಫ್ಸ್‌ಗಿಂತ (ಸದ್ದಿನ ಜೋರು ಅಳೆಯೋ ಮಾನ) ಜೋರಾದದ್ದನ್ನ ತಾನೇ ಇಳಿಸುತ್ತೆ, ನಿಮಗೆ ಉಳಿಯೋದು ಚಪ್ಪಟೆಯಾದ ಸ್ನೇರ್.

ಹಕ್ಕಿನ ವಿಷಯ ನೀವು ಕೇಳಿಲ್ಲ, ಆದ್ರೂ ಗೊತ್ತಿರಲಿ. ಹಾಡಿನ ರಚನೆಗೆ ಒಂದು ಹಕ್ಕು, ಆ ರೆಕಾರ್ಡಿಂಗ್‌ಗೆ ಇನ್ನೊಂದು ಹಕ್ಕು. ಮೂಲ ರೆಕಾರ್ಡಿಂಗ್ ಮೇಲೆ ಡ್ರಮ್ಸ್ ನುಡಿಸಿದ್ರೆ ಎರಡನ್ನೂ ಬಳಸಿದ ಹಾಗೆ, ಡ್ರಮ್ಸ್ ಮಾತ್ರ ತೆಗೆದಿದ್ರೂ ಅಷ್ಟೇ. ಯೂಟ್ಯೂಬ್‌ನಲ್ಲಿ ಹಾಡುಗಳನ್ನ ತಾನಾಗೇ ಗುರುತಿಸೋ ಕಂಟೆಂಟ್ ಐಡಿ ವ್ಯವಸ್ಥೆ ಅದನ್ನ ಗುರುತಿಸಿ ಕ್ಲೇಮ್ (ಹಕ್ಕುದಾರರ ಪರ ದಾವೆ) ಹಾಕಬಹುದು. ಕ್ಲೇಮ್ ಬಂದ್ರೆ ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು, ಇಲ್ಲವೇ ಕೆಲವು ದೇಶಗಳಲ್ಲಿ ವಿಡಿಯೋ ಕಾಣದೇ ಇರಬಹುದು. ಅದು ಚಾನೆಲ್‌ಗೆ ಬೀಳೋ ಸ್ಟ್ರೈಕ್ ಅಲ್ಲ, ಗಾಬರಿಯಾಗಬೇಡಿ. ಹಾಡು ಆರಿಸೋ ಮೊದಲೇ ಅದರ ಸ್ವಲ್ಪ ಉದ್ದದ ಒಂದು ಕ್ಲಿಪ್ಪನ್ನ ಖಾಸಗಿಯಾಗಿ ಅಪ್‌ಲೋಡ್ ಮಾಡಿ ನೋಡಿದ್ರೆ ಏನು ಬರುತ್ತೆ ಅಂತ ಒಂದು ಅಂದಾಜು ಸಿಗುತ್ತೆ.

ಈ ವಾರ ಹೆಡ್ ಬದಲಿಸಿ, ದಾರ ಹಿಡಿದು ಮೈಕ್ ಇಡಿ, ಎರಡೂ ಕಡೆ ಸ್ಟಿಕ್ ಟಕ್ ಇರೋ ಒಂದು ಪೂರ್ತಿ ಟೇಕ್ ಮಾಡಿ. ಫ್ರೇಮ್ ರೇಟ್ ಸ್ಥಿರ ಮಾಡಿದ ಮೇಲೂ ಜಾರಿದ್ರೆ ನನಗೆ ಮೂರು ಸಂಖ್ಯೆ ಬರೆದು ಕಳಿಸಿ: ಹಾಡಿನ ಉದ್ದ ಎಷ್ಟು ಸೆಕೆಂಡ್, ಕೊನೆಯ ಟಕ್‌ನಲ್ಲಿ ಅಂತರ ಎಷ್ಟು ಫ್ರೇಮ್, ಫೈಲ್‌ನ ವಿವರದಲ್ಲಿ ತೋರಿಸೋ ಫ್ರೇಮ್ ರೇಟ್ ಎಷ್ಟು. ಚಿತ್ರ ಮುಂದಿದೆಯೋ ಹಿಂದಿದೆಯೋ ಅನ್ನೋದನ್ನೂ ಬರೀರಿ.